ಕುಡಿಯಲು ಯೋಗ್ಯ

ಆಗಸ್ಟ್ 18, ಸೋಮವಾರ

ಇವತ್ತು ಓಪನ್ ಎಲೆಕ್ಟಿವ್ ಆರಿಸಿಕೊಳ್ಳುವ ದಿನ. ಎಂ.ಎ., ಎಂ.ಕಾಂ. ಓದುವ ಪ್ರತಿಯೊಬ್ಬರೂ ತಮ್ಮದಲ್ಲದ ವಿಭಾಗದ ಒಂದು ವಿಷಯವನ್ನು ಈ ಸೆಮಿಸ್ಟರಿನಲ್ಲಿ ಓದಲೇಬೇಕು ಎಂದು ವಿಶ್ವವಿದ್ಯಾಲಯದ ನಿಯಮ. ಲೆಕ್ಕಪತ್ರ ಓದುವವನು ಒಂದಿಷ್ಟು ಇತಿಹಾಸ ತಿಳಿಯಲಿ, ಇತಿಹಾಸ ಓದುವವಳು ಒಂದಿಷ್ಟು ರಸಾಯನಶಾಸ್ತ್ರ ಮುಟ್ಟಿ ನೋಡಲಿ ಎಂದು ನಿಯಮ ಮಾಡಿದವರ ಆಸೆಯಿರಬೇಕು. ಮಕ್ಕಳು ಕೇಳುವ ಪ್ರಶ್ನೆ ಒಂದೇ: ಯಾವುದರಲ್ಲಿ ಓದದೆ ಮಾರ್ಕು ಬರುತ್ತದೆ?

ಉತ್ತರ ಕಾಲೇಜಿನ ಗೋಡೆಗಳಿಗೂ ಗೊತ್ತು. ಕಾಮರ್ಸಿನ ವಿಷ್ಣುಪ್ರಸಾದರ 'ವ್ಯಕ್ತಿತ್ವ ವಿಕಸನ'. ಕೊಠಡಿ ಸಾಲದೆ ಈ ಸಲ ಸೆಮಿನಾರ್ ಹಾಲಿಗೆ ಹೋಗಿದ್ದಾರೆ. ಆತ ಕಥೆ ಹೇಳುತ್ತಾರೆ, ಚಪ್ಪಾಳೆ ತಟ್ಟಿಸುತ್ತಾರೆ, ಪರೀಕ್ಷೆಗೆ ಮೊದಲು ಪ್ರಶ್ನೆಗಳನ್ನೂ ಹೇಳಿಬಿಡುತ್ತಾರೆ. ಪಾಠ ಮಾಡದೆ ಮಾರ್ಕು ಹಂಚುವ ಮನುಷ್ಯ. ಅದೂ ಒಂದು ಕಸುಬು.

ನನ್ನ 'ಕುಡಿಯುವ ನೀರಿನ ಪರೀಕ್ಷೆ'ಗೆ ಒಂಬತ್ತು ಜನ.

ಸಂಜೆ ಪ್ರಿನ್ಸಿಪಾಲ್ ರಾಮಚಂದ್ರಪ್ಪನವರು ಕರೆದರು. "ನೋಡಿ ಭವಾನಿ ಮೇಡಂ, ಹದಿನೈದು ಜನ ಇಲ್ಲದಿದ್ರೆ ಪೇಪರ್ ನಡೆಯಲ್ಲ. ಪೇಪರ್ ಇಲ್ಲದಿದ್ರೆ ನಿಮಗೆ ವರ್ಕ್‌ಲೋಡ್ ಇಲ್ಲ. ಶುಕ್ರವಾರದವರೆಗೆ ಟೈಮ್ ಕೊಡ್ತೀನಿ. ನನ್ನ ಕೈಲಾಗೋದು ಅಷ್ಟೇ."

ವರ್ಕ್‌ಲೋಡ್ ಇಲ್ಲ ಎಂದರೆ ಕೆಲಸ ಇಲ್ಲ. ನಾನು ಅತಿಥಿ ಉಪನ್ಯಾಸಕಿ. ಏಳು ವರ್ಷದಿಂದ ಅತಿಥಿ. ಇಷ್ಟು ವರ್ಷ ಉಳಿದುಕೊಂಡ ಅತಿಥಿಯನ್ನು ಯಾವ ಮನೆಯಲ್ಲಿ ತಾನೇ ಸಹಿಸುತ್ತಾರೆ?

ಆಗಸ್ಟ್ 20, ಬುಧವಾರ

ಬೆಳಿಗ್ಗೆ ಭದ್ರಾವತಿಯಿಂದ ಕಾಲೇಜಿಗೆ ಬರುವ ದಾರಿಯಲ್ಲಿ, ಬಸ್ಸು ಮಾಚೇನಹಳ್ಳಿಯಲ್ಲಿ ನಿಂತಾಗ, ಒಬ್ಬ ಹುಡುಗಿ ಹತ್ತಿ ನನ್ನ ಪಕ್ಕ ಕೂತಳು. ಎಂ.ಕಾಂ. ಓದುವ ಹೇಮಶ್ರೀ. ನನ್ನ ಒಂಬತ್ತು ಜನರಲ್ಲಿ ಒಬ್ಬಳು.

"ಮ್ಯಾಮ್, ನಿಮ್ಮ ಪೇಪರ್ ಕ್ಯಾನ್ಸಲ್ ಆಗುತ್ತಂತೆ, ಹೌದಾ?"

"ಹದಿನೈದು ಜನ ಆಗದಿದ್ರೆ ಹೌದು ಕಣಮ್ಮ. ನಿಮ್ಮ ಕ್ಲಾಸಿನವರೆಲ್ಲ ಆ ಕಡೆ ಹೋಗಿದ್ದಾರಲ್ಲ, ನೀನ್ಯಾಕೆ ಇದನ್ನ ತಗೊಂಡೆ?"

"ನಮ್ಮ ಬೀದಿಗೆಲ್ಲ ಒಂದೇ ಬೋರ್‌ವೆಲ್ ಮ್ಯಾಮ್. ಮಳೆಗಾಲ ಬಂತು ಅಂದ್ರೆ ನೀರು ಒಂಥರಾ ವಾಸನೆ. ಹೇಳಿದ್ರೆ ಯಾರೂ ಕೇಳಲ್ಲ. ಕಣ್ಣಿಗೆ ಚೆನ್ನಾಗೇ ಕಾಣುತ್ತಲ್ಲ ಅಂತಾರೆ. ನಾನೇ ಕಲಿತರೆ ತೋರಿಸಬಹುದಲ್ಲ ಅಂತ."

ಈ ವಿಷಯವನ್ನು ಯಾಕೆ ಕಲಿಸುತ್ತೇನೆ ಎಂದು ಯಾರಾದರೂ ಕೇಳಿದರೆ ನನಗೇ ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

"ನಿನ್ನ ಫ್ರೆಂಡ್ಸನ್ನೂ ಕರ್ಕೊಂಡು ಬಾರೇ" ಎಂದೆ.

"ಕರೆದೆ ಮ್ಯಾಮ್. ಹೆದರ್ತಾರೆ. ಲ್ಯಾಬ್ ಇದೆ, ಕೆಮಿಸ್ಟ್ರಿ ಮೇಡಂ ಫೇಲ್ ಮಾಡ್ತಾರೆ ಅಂತ."

"ಯಾರನ್ನೂ ಫೇಲ್ ಮಾಡಲ್ಲ ಅಂತ ಹೇಳು."

ಬಾಯಿಂದ ಬಂದೇಬಿಟ್ಟಿತು. ಫೇಲಾಗದ ಹಾಗೆ ಕಲಿಸುತ್ತೇನೆ ಎಂದು ಅದರ ಅರ್ಥ. ಅವಳಿಗೆ ತಿಳಿದಿರುತ್ತದೆ.

ಆಗಸ್ಟ್ 22

ಹದಿನಾರು ಜನ! ಹೇಮಶ್ರೀ ತನ್ನ ತರಗತಿಯಿಂದ ಏಳು ಜನರನ್ನು ಎಳೆತಂದಿದ್ದಾಳೆ. ಅವರಲ್ಲಿ ಕವನಾ ಎಂಬವಳು ಅರ್ಜಿಗೆ ಸಹಿ ಹಾಕುವಾಗಲೂ ಫೋನಿನಿಂದ ಕಣ್ಣು ತೆಗೆಯಲಿಲ್ಲ. ಪರವಾಗಿಲ್ಲ. ಒಮ್ಮೆ ಒಳಗೆ ಬರಲಿ, ಆಮೇಲೆ ನೋಡಿಕೊಳ್ಳುತ್ತೇನೆ.

ಅಪ್ಪನಿಗೆ ಹೇಳಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟವರು. "ನಂಗೆ ಒಂದು ವರ್ಷ ಮೂರೇ ಜನ ಇದ್ರು ಕಣೇ. ಆ ಮೂರು ಜನಕ್ಕೆ ಹೆದರಿ ರಾತ್ರಿಯೆಲ್ಲ ಓದ್ಕೊಂಡು ಹೋಗ್ತಿದ್ದೆ" ಎಂದು ನಕ್ಕರು.

ಸೆಪ್ಟೆಂಬರ್ 9

ಇವತ್ತಿನಂಥ ತರಗತಿ ವರ್ಷಕ್ಕೊಮ್ಮೆ ಸಿಕ್ಕರೂ ಸಾಕು.

ಬಾಟಲಿ ಪರೀಕ್ಷೆ ಮಾಡಿಸಿದ್ದೆ. ಬೆರಳುದ್ದದ ಬಾಟಲಿ, ಒಳಗೆ ಔಷಧಿ. ನೀರು ತುಂಬಿ ಎರಡು ದಿನ ಬೆಚ್ಚಗೆ ಇಟ್ಟರೆ, ಆ ನೀರಿಗೆ ಚರಂಡಿ ಸೇರಿದ್ದರೆ ಕಪ್ಪಾಗುತ್ತದೆ. ಇಷ್ಟೇ. ಇದಕ್ಕೆ ರಸಾಯನಶಾಸ್ತ್ರವೇ ಬೇಡ, ಕಣ್ಣಿದ್ದರೆ ಸಾಕು. ಎಲ್ಲರೂ ಮನೆಯಿಂದ ನೀರು ತಂದಿದ್ದರು. ಇವತ್ತು ಕಪಾಟು ತೆರೆದು ಸಾಲಾಗಿ ಮೇಜಿನ ಮೇಲೆ ಇಟ್ಟೆ. ಕಾಲೇಜಿನ ನಲ್ಲಿಯದು ತಿಳಿಯಾಗಿತ್ತು. ನಮ್ಮ ಮನೆಯದೂ ಹಾಗೇ. ಹೇಮಶ್ರೀ ತಂದದ್ದು ಮಸಿಯ ಹಾಗೆ ಕಪ್ಪು.

ಕವನಾ ಫೋನು ಕೆಳಗಿಟ್ಟು ಎದ್ದು ಬಂದಳು. "ಹೇಮಾ, ಇದನ್ನ ಕುಡೀತಿದ್ರೇನೇ ನೀವು?"

ಹೇಮಶ್ರೀ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಳುತ್ತಾಳೆಂದುಕೊಂಡಿದ್ದೆ. ಅವಳ ಮುಖದಲ್ಲಿ ಗೆದ್ದವಳ ಕಳೆಯಿತ್ತು. "ಮ್ಯಾಮ್, ಇದನ್ನ ಮನೆಗೆ ತಗೊಂಡು ಹೋಗ್ಲಾ?"

ಬಿಗಿಯಾಗಿ ಮುಚ್ಚಿ, ಕವರಿಗೆ ಹಾಕಿ ಕೊಟ್ಟೆ. ಚೆನ್ನಾಗಿ ಕುದಿಸಿಯೇ ಕುಡಿಯಬೇಕೆಂದು ಎರಡು ಸಲ ಹೇಳಿದೆ.

ಸೆಪ್ಟೆಂಬರ್ 13

ಬಸ್ಸಿನಲ್ಲಿ ಹೇಮಶ್ರೀ ಕೂತ ಕೂಡಲೇ ಶುರು ಮಾಡಿದಳು. ಅವಳ ತಾಯಿ ಶೇಷಮ್ಮ ಗಾರ್ಮೆಂಟ್ಸಿಗೆ ಹೋಗುವವರು. ಒಂದು ಪಾಳಿ ರಜೆ ಹಾಕಿ, ಬೀದಿಯ ಹೆಂಗಸರನ್ನು ಕಟ್ಟಿಕೊಂಡು, ಆ ಬಾಟಲಿಯನ್ನು ಪಂಚಾಯಿತಿ ಆಫೀಸಿನ ಮೇಜಿನ ಮೇಲೆ ಇಟ್ಟರಂತೆ. "ನೀವು ಒಂದು ಗುಟುಕು ಕುಡಿದು ತೋರ್ಸಿ ಸ್ವಾಮಿ, ನಾವು ಹೋಗ್ತೀವಿ" ಎಂದರಂತೆ. ಮಾರನೇ ದಿನವೇ ಬಂದು ಕ್ಲೋರಿನ್ ಹಾಕಿ ಹೋಗಿದ್ದಾರೆ.

ನನಗೆ ನಗು ತಡೆಯಲಾಗಲಿಲ್ಲ. ಆದರೂ ಹೇಳಿದೆ: "ಒಂದು ಸಲ ಕ್ಲೋರಿನ್ ಹಾಕಿದ್ರೆ ಆಗಲ್ಲ ಕಣಮ್ಮ. ಎಲ್ಲೋ ಚರಂಡಿ ಸೇರ್ತಾ ಇದೆ. ಅದು ರಿಪೇರಿ ಆಗೋವರೆಗೂ ಕುದಿಸೋದನ್ನ ಬಿಡಬೇಡಿ. ಪ್ರತಿ ತಿಂಗಳು ನೀರು ತಾ, ನೋಡೋಣ."

ವಿಷ್ಣುಪ್ರಸಾದರ ಹಾಲಿನಲ್ಲಿ ಇವತ್ತೂ ಚಪ್ಪಾಳೆ. ತಟ್ಟಿಕೊಳ್ಳಲಿ.

ಅಕ್ಟೋಬರ್ 8

ದಸರಾ ರಜೆ ಮುಗಿಯಿತು. ಶನಿವಾರ ಹೊಳಲೂರಿನ ಹತ್ತಿರ ಹೊಳೆಗೆ ಕರೆದುಕೊಂಡು ಹೋಗಿ, ನಿಂತ ನೀರು, ಹರಿಯುವ ನೀರು ಎರಡನ್ನೂ ಹಿಡಿದು ತೋರಿಸಬೇಕೆಂದಿದ್ದೆ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಬಂದ ಉತ್ತರ: "ಶನಿವಾರ ಬಿಸಿಲಲ್ಲಿ ಹೊಳೆಗೆ ಹೋಗೋಕೆ ನಾವೇನು ಎಮ್ಮೆಗಳಾ?" ನಾನು ಗುಂಪಿನಲ್ಲಿರುವುದು ಮರೆತು ಬರೆದದ್ದು. ಅದಕ್ಕೆ ನಗುವ ಮುಖಗಳ ಸಾಲು. ಇನ್ನೊಬ್ಬ ಬರೆದಿದ್ದ: "ಹೇಮಾ ಮಾತು ಕೇಳಿ ಕೆಟ್ವಿ. ಆ ಕಡೆಯವರು ಆರಾಮಾಗಿದ್ದಾರೆ."

ಸ್ಟಾಫ್ ರೂಮಿನಲ್ಲಿ ವಿಷ್ಣುಪ್ರಸಾದರು ಪಕ್ಕದಲ್ಲೇ ಕೂತಿದ್ದರು. ನನ್ನ ಮುಖ ನೋಡಿ ಕೇಳಿದರು. ತೋರಿಸಿದೆ.

"ಎಂತ ಮಾರಾಯ್ರೆ ನೀವು! ಅವ್ರಿಗೆ ಬೇಕಾಗಿರೋದು ನೀರಲ್ಲ, ಗ್ರೇಡು. ಇದು ಅವ್ರ ಮೇನ್ ಸಬ್ಜೆಕ್ಟಾ? ಊಟದಲ್ಲಿ ಉಪ್ಪಿನಕಾಯಿ ಇದ್ದಂಗೆ. ಉಪ್ಪಿನಕಾಯೇ ಅನ್ನದಷ್ಟು ಬಡಿಸಿದ್ರೆ ಯಾರು ತಿಂತಾರೆ?"

ಹೊಳಲೂರು ಬೇಡವೆಂದು ಬರೆದೆ. ಕ್ಷಣದಲ್ಲಿ ಹದಿನಾಲ್ಕು ಹೆಬ್ಬೆರಳು ಬಂದವು. ಈ ಸಲಕ್ಕೆ ಮಾತ್ರ.

ಅಕ್ಟೋಬರ್ 16

ಮಕ್ಕಳ ಅಭಿಪ್ರಾಯ ಸಂಗ್ರಹ ಬಂದಿದೆ. ಪ್ರಿನ್ಸಿಪಾಲರು ಒಳಗೆ ಕರೆದು ಬಾಗಿಲು ಹಾಕಿಕೊಂಡರು. "ನಿಮ್ಮನ್ನ ಸ್ಟ್ರಿಕ್ಟು ಅಂತ ಬರೆದಿದ್ದಾರೆ ಮೇಡಂ. ಸ್ಟ್ರಿಕ್ಟ್ ಇರೋದು ಒಳ್ಳೇದೇ, ನಾನು ಬೇಡ ಅನ್ನಲ್ಲ. ಆದ್ರೆ ಮುಂದಿನ ವರ್ಷ ಹದಿನೈದು ಜನ ಎಲ್ಲಿಂದ ತರ್ತೀರಿ? ಮತ್ತೆ ಆ ಹುಡುಗಿಯನ್ನೇ ಬೀದಿಗೆ ಕಳಿಸ್ತೀರಾ?"

ಅವಮಾನವಾಯಿತು. ಎದ್ದು ಬಂದೆ.

ಪ್ರಯೋಗಗಳನ್ನು ಇನ್ನು ಮೇಲೆ ನಾನೇ ಮಾಡಿ ತೋರಿಸುತ್ತೇನೆ. ಅವರು ಕೂತು ನೋಡಿದರೆ ಸಾಕು. ಗಾಜೂ ಒಡೆಯುವುದಿಲ್ಲ, ಸಮಯವೂ ಉಳಿಯುತ್ತದೆ. ಹೀಗೆ ಮೊದಲೇ ಮಾಡಬಹುದಿತ್ತು.

ಸಂಜೆ ಸೆಮಿನಾರ್ ಹಾಲಿನ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದೆ. ಬಾವಿಗೆ ಬಿದ್ದ ಕಪ್ಪೆಯ ಕಥೆ ನಡೆಯುತ್ತಿತ್ತು. ಹಳೆಯದೇ. ಆದರೆ ಆತ ಹೇಳುವ ರೀತಿ ಕೆಟ್ಟದಾಗಿಲ್ಲ.

ನವೆಂಬರ್ 5

ಪರೀಕ್ಷೆಗೆಂದು ಮೂವತ್ತು ಪ್ರಶ್ನೆಗಳನ್ನು ಸಿದ್ಧಮಾಡಿದೆ. ಬರುವುದು ಇವುಗಳಿಂದಲೇ. ಅಪ್ಪನ ಕಣ್ಣಿಗೆ ಪೊರೆ ಬಂದಿದೆ, ಆದರೆ ಭಾಷೆಯ ತಪ್ಪು ಕಿವಿಯಲ್ಲೇ ಹಿಡಿಯುತ್ತಾರೆ. ಆದ್ದರಿಂದ ಗಟ್ಟಿಯಾಗಿ ಓದಿದೆ. "ಕುಡಿಯುವ ನೀರು ಶುದ್ಧವಾಗಿರಬೇಕು. ಸರಿಯೋ ತಪ್ಪೋ? ನೀರನ್ನು ಕುದಿಸಿದರೆ ರೋಗಾಣುಗಳು (ಅ) ಸಾಯುತ್ತವೆ (ಆ) ಸಾಯುವುದಿಲ್ಲ..."

ಅಪ್ಪ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಭಾಷೆ ಚೆನ್ನಾಗಿದೆ. ಇದ್ರಲ್ಲಿ ಪ್ರಶ್ನೆ ಎಲ್ಲಿದ್ಯೇ?" ಎಂದರು.

"ನಿಮ್ಮ ಕಾಲ ಅಲ್ಲಪ್ಪ ಇದು. ನಿಮಗೆ ಕಾಯಂ ಕೆಲಸ ಇತ್ತು. ಮೂರು ಜನ ಇದ್ರೂ ನಡೀತಿತ್ತು."

ಅವರು ಎದ್ದು ತಮ್ಮ ಕೋಣೆಗೆ ಹೋದರು. ನನ್ನ ಮಾತು ಒರಟಾಯಿತೇನೋ. ಸುಳ್ಳಂತೂ ಅಲ್ಲ.

ನವೆಂಬರ್ 26

ಸೆಮಿಸ್ಟರಿನ ಕೊನೆಗೆ ಪ್ರತಿಯೊಬ್ಬರೂ ತಮ್ಮ ಮನೆಯ ನೀರನ್ನು ಪರೀಕ್ಷಿಸಿ ವರದಿ ಕೊಡಬೇಕು. ಬಾಟಲಿಗಳು ಮುಗಿದಿವೆ. ಹೊಸವು ಬೇಕೆಂದು ನಾನು ಬರೆದು ಕೊಟ್ಟಿರಲಿಲ್ಲ. ಬರೆದುಕೊಟ್ಟರೂ ಬರುವುದು ಯುಗಾದಿಗೆ. ಅದಕ್ಕೆ ಬೋರ್ಡಿನ ಮೇಲೆ ಒಂದು ಮಾದರಿ ವರದಿ ಬರೆದುಬಿಟ್ಟೆ. ಹೆಸರು, ಊರು, ನೀರಿನ ಮೂಲ ಬದಲಾಯಿಸಿಕೊಂಡರೆ ಆಯಿತು. ಕೊನೆಯ ಸಾಲು ಎಲ್ಲರಿಗೂ ಒಂದೇ: "ಪರೀಕ್ಷಿಸಿದ ನೀರು ಕುಡಿಯಲು ಯೋಗ್ಯವಾಗಿದೆ."

ಖುಷಿಯಿಂದ ಬರೆದುಕೊಂಡರು. ಕವನಾ "ಸೂಪರ್ ಮ್ಯಾಮ್" ಎಂದಳು. ಈ ಮಾತನ್ನು ನಾನು ಈ ಕಾಲೇಜಿನಲ್ಲಿ ಕೇಳಿದ್ದು ಮೊದಲ ಸಲ.

ಹೇಮಶ್ರೀ ಮಾತ್ರ ಕೊನೆಯವರೆಗೆ ಕೂತಿದ್ದಳು.

"ಮ್ಯಾಮ್, ನಮ್ಮದು ಕಪ್ಪಾಗಿತ್ತಲ್ಲ. ಇನ್ನೊಂದ್ಸಲ ನೋಡದೆ ಹೆಂಗೆ ಬರೀಲಿ?"

"ಕ್ಲೋರಿನ್ ಹಾಕಿದ್ದಾರಲ್ಲಮ್ಮ."

"ಒಂದ್ಸಲ ಹಾಕಿದ್ರೆ ಆಗಲ್ಲ ಅಂದಿದ್ರಿ ಮ್ಯಾಮ್."

"ಹೇಮಶ್ರೀ, ಎಲ್ಲರಿಗೂ ಒಂದೇ ಥರ ಇದ್ರೆ ಮಾರ್ಕು ಹಾಕೋಕೆ ಸುಲಭ. ನಿಂದು ಬೇರೆ ಇದ್ರೆ ಹೊರಗಿಂದ ಬರೋ ಎಕ್ಸಾಮಿನರ್ ಕೇಳ್ತಾರೆ, ಬಾಟಲಿ ಎಲ್ಲಿ ಅಂತ. ಆಗ ಏನು ತೋರಿಸ್ತೀಯ? ಸುಮ್ನೆ ಬರಿ."

ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಬಾಟಲಿ ಇಲ್ಲದಿದ್ದಾಗ ಕಪ್ಪು ಎಂದು ಬರೆಯುವುದೂ ಸುಳ್ಳೇ.

ಡಿಸೆಂಬರ್ 5

ಹದಿನಾರೂ ವರದಿಗಳ ಎರಡೆರಡು ಪ್ರತಿಗೆ ಸಹಿ ಮಾಡಿ ವಿಭಾಗದ ಸೀಲು ಹಾಕಿ, ಒಂದೊಂದನ್ನು ಮಕ್ಕಳಿಗೇ ಕೊಟ್ಟೆ. ಕೈ ನೋಯುತ್ತಿದೆ.

ಡಿಸೆಂಬರ್ 20

ಮುಂದಿನ ವರ್ಷ ಬರುವ ಮಕ್ಕಳು ಈಗಲೇ ವಿಚಾರಿಸುತ್ತಿದ್ದಾರಂತೆ, 'ನೀರಿನ ಪೇಪರ್ ಈಸಿನಾ?' ಎಂದು. ವಿಷ್ಣುಪ್ರಸಾದರೇ ಹೇಳಿದರು, ಕಾಫಿ ಕುಡಿಸಿ. "ಇನ್ನು ನಂಗೇ ಕಾಂಪಿಟೇಶನ್ನು!" ಎಂದು ನಕ್ಕರು. ವ್ಯವಹಾರ ತಿಳಿದ ಮನುಷ್ಯ, ಮನಸ್ಸಿನಲ್ಲಿ ಕೊಳಕಿಲ್ಲ.

ಮಾಚೇನಹಳ್ಳಿಯ ಹುಡುಗಿ ಈಚೆಗೆ ಬಸ್ಸಿನಲ್ಲಿ ಮಾತು ಕಡಿಮೆ ಮಾಡಿದ್ದಾಳೆ. ಇವತ್ತು ಅವಳು ಹತ್ತಿದಾಗ ನನಗೂ ತಲೆನೋವು. ಕಣ್ಣು ಮುಚ್ಚಿ ಕೂತಿದ್ದೆ. ಅವಳು ಹಿಂದಿನ ಸೀಟಿಗೆ ಹೋದಳು.

ಜನವರಿ 8

ನನ್ನ ಪೇಪರಿನ ಪರೀಕ್ಷೆ ಸೋಮವಾರವೇ ಮುಗಿದಿತ್ತು. ಎಲ್ಲರೂ ಅರ್ಧ ಗಂಟೆ ಮೊದಲೇ ಎದ್ದು ಹೋಗಿದ್ದರು. ಇವತ್ತು ಎಂ.ಕಾಂ.ನವರ ಮುಖ್ಯ ವಿಷಯದ ಪರೀಕ್ಷೆಗೆ ಮೇಲ್ವಿಚಾರಣೆ ನನಗೆ ಬಿತ್ತು. ಒಂದು ಬೆಂಚು ಖಾಲಿ. ಹೇಮಶ್ರೀಯದು. ಮುಖ್ಯ ಪರೀಕ್ಷೆಯನ್ನೇ ತಪ್ಪಿಸಿಕೊಂಡರೆ ಹೇಗೆ? ಇದೇ ಇವರ ಶಿಸ್ತು.

ಜನವರಿ 12

ಇವತ್ತೂ ಬಂದಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಕವನಾಳನ್ನು ಕೇಳಿದೆ.

"ಅವಳಮ್ಮಂಗೆ ಕಾಮಾಲೆ ಮ್ಯಾಮ್. ತುಂಬಾ ಜೋರಾಗಿದೆ. ದೊಡ್ಡಾಸ್ಪತ್ರೇಲಿ ಮಲಗಿಸಿದ್ದಾರೆ, ನೋಡ್ಕೊಳ್ಳೋಕೆ ಇವಳೊಬ್ಬಳೇ. ಅವರ ಬೀದೀಲಿ ಇನ್ನೂ ನಾಲ್ಕೈದು ಜನಕ್ಕೆ ಬಂದಿದೆಯಂತೆ. ನೀರಿಂದ ಅಂತೆ."

ಕವನಾ ನನ್ನ ಮುಖವನ್ನೇ ನೋಡುತ್ತಿದ್ದಳು. ಈ ಸಲ ಅವಳ ಕೈಯಲ್ಲಿ ಫೋನು ಇರಲಿಲ್ಲ.

ಕಾಮಾಲೆ ಹತ್ತು ಕಾರಣಕ್ಕೆ ಬರುತ್ತದೆ. ಬೀದಿ ಬದಿಯ ಪಾನಿಪುರಿ ತಿಂದರೂ ಬರುತ್ತದೆ.

ಜನವರಿ 13

ಬರೆಯುವಂಥದ್ದು ಏನೂ ಇಲ್ಲ.

ಜನವರಿ 16

ಬರೆಯುವಂಥದ್ದು ಇವತ್ತೂ ಇಲ್ಲ.

ಜನವರಿ 30

ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ಹೇಮಶ್ರೀ ಬಂದು ಬಾಗಿಲಲ್ಲಿ ನಿಂತಳು. ಸೊರಗಿದ್ದಾಳೆ.

"ಅಮ್ಮ ಹೇಗಿದ್ದಾರೆ?" ಎಂದೆ.

"ಮನೆಗೆ ಬಂದ್ಲು ಮ್ಯಾಮ್. ಎದ್ದು ಓಡಾಡೋಕೆ ಆಗಲ್ಲ."

"ಕುದಿಸಿ ಕುಡೀರಿ ಅಂತ ನಾನು ಹೇಳಿದ್ದೆನಲ್ಲ?"

"ಕುದಿಸ್ತಿದ್ವಿ ಮ್ಯಾಮ್. ಆಮೇಲೆ ಆ ರಿಪೋರ್ಟ್ ಮನೇಲಿತ್ತಲ್ಲ, ಅಮ್ಮ ನೋಡಿದ್ಲು. ಕಾಲೇಜಿನ ಸೀಲು, ನಿಮ್ಮ ಸೈನು. ಮಗಳು ಓದಿ ನೀರು ಸರಿ ಮಾಡಿಸಿದ್ಲು ಅಂತ ಬೀದಿಯವರಿಗೆಲ್ಲ ತೋರಿಸ್ಕೊಂಡು ಬಂದ್ಲು. ಕುದಿಸಿದ ನೀರು ಯಾರಿಗೂ ಸೇರ್ತಿರಲಿಲ್ಲ. ಎಲ್ಲರೂ ಬಿಟ್ರು."

"ಅದು ಬರೀ ಮಾರ್ಕಿಗೆ ಬರೆದದ್ದು ಅಂತ ನೀನು ಹೇಳಬೇಕಿತ್ತು."

"ಹೇಳಿದೆ ಮ್ಯಾಮ್." ಅವಳ ಧ್ವನಿ ಏರಲಿಲ್ಲ. "ಸುಳ್ಳಾಗಿದ್ರೆ ಮೇಡಂ ಯಾಕೆ ಸೈನ್ ಹಾಕ್ತಿದ್ರು ಅಂದ್ಲು ಅಮ್ಮ."

ಬೈಯುತ್ತಾಳೆಂದು ಕಾದಿದ್ದೆ. ಬೈದಿದ್ದರೆ ನಾನೂ ಉತ್ತರ ಕೊಡುತ್ತಿದ್ದೆ. ಅವಳು ಬಂದದ್ದು ಅದಕ್ಕಲ್ಲ. "ಒಂದು ಬಾಟಲಿ ಇದ್ರೆ ಕೊಡಿ ಮ್ಯಾಮ್. ಆಫೀಸಿನವರು ಹೋದ ಸಲದ ಥರ ತೋರಿಸಿ ಅಂತಾರೆ. ರಿಪೋರ್ಟಿನ ಜೆರಾಕ್ಸ್ ಅವರ ಹತ್ರನೂ ಇದೆ. ನೀರು ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಲ್ಲ ಅಂತಾರೆ."

ಸ್ಟಾಕ್ ಇಲ್ಲವೆಂದೆ. ಅದು ನಿಜ. ಕಪಾಟು ತೆರೆದೂ ತೋರಿಸಿದೆ.

ಒಂದು ಮಾತು ಮಾತ್ರ ಬರೆದಿಟ್ಟುಕೊಳ್ಳುತ್ತೇನೆ: ವರದಿ ಬರೆದದ್ದು ಅವಳು. ಕೈ ಅವಳದು, ಕಾಗದ ಅವಳದು. ಎಂ.ಕಾಂ. ಓದುವ ಹುಡುಗಿ, ಮಗುವಲ್ಲ.

ಫೆಬ್ರವರಿ 20

ಫಲಿತಾಂಶ ಬಂತು. ನನ್ನ ಪೇಪರಿನಲ್ಲಿ ಹದಿನಾರಕ್ಕೆ ಹದಿನಾರೂ ಔಟ್‌ಸ್ಟ್ಯಾಂಡಿಂಗ್. ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿದರು. ಮುಂದಿನ ವರ್ಷಕ್ಕೆ ನನ್ನನ್ನೇ ಮುಂದುವರಿಸುವುದಾಗಿಯೂ, ದೊಡ್ಡ ಕೊಠಡಿ ಕೊಡುವುದಾಗಿಯೂ ಹೇಳಿದರು. ವಿಷ್ಣುಪ್ರಸಾದರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಸ್ನೇಹಿತ ಎಂದರೆ ಹಾಗಿರಬೇಕು.

ಹೇಮಶ್ರೀಗೆ ನನ್ನದರಲ್ಲಿ ಔಟ್‌ಸ್ಟ್ಯಾಂಡಿಂಗ್, ಎರಡು ಮುಖ್ಯ ಪೇಪರುಗಳಲ್ಲಿ ಗೈರು. ಮತ್ತೆ ಬರೆಯುವ ಹೊತ್ತಿಗೆ ಒಂದು ವರ್ಷ ಹೋಗುತ್ತದೆ. ಓದುವ ಹುಡುಗಿ, ಬರೆಯುತ್ತಾಳೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅವರು, "ಆ ಮಾಚೇನಹಳ್ಳಿ ಹುಡುಗಿ ತಾಯಿ ಹೇಗಿದಾಳೆ? ನೋಡ್ಕೊಂಡು ಬಂದ್ಯಾ?" ಎಂದರು. ಒಂದು ಒಳ್ಳೆಯ ಸುದ್ದಿ ಹೇಳಿದರೆ ಇವರಿಗೆ ಇದೇ ನೆನಪಾಗಬೇಕೆ?

ಮಾರ್ಚ್ 1, ಭಾನುವಾರ

ಅಪ್ಪನ ಕಾಟ ತಾಳಲಾರದೆ ಮಾಚೇನಹಳ್ಳಿಗೆ ಹೋಗಿಬಂದೆ. ಮೋಸಂಬಿ ತೆಗೆದುಕೊಂಡು ಹೋಗಿದ್ದೆ.

ಶೀಟು ಹೊದಿಸಿದ ಎರಡು ಕೋಣೆಯ ಮನೆ. ಶೇಷಮ್ಮ ಮಂಚದಿಂದ ಎದ್ದು ಕೂತರು. ಕಣ್ಣಿನಲ್ಲಿ ಹಳದಿ ಇನ್ನೂ ಪೂರ್ತಿ ಹೋಗಿಲ್ಲ. ಗಾರ್ಮೆಂಟ್ಸಿನಲ್ಲಿ ಅವರ ಜಾಗಕ್ಕೆ ಬೇರೆಯವರನ್ನು ಹಾಕಿಕೊಂಡಿದ್ದಾರಂತೆ. ನನ್ನನ್ನು ನೋಡಿ ಎರಡೂ ಕೈ ಹಿಡಿದುಕೊಂಡರು.

"ಮೇಡಮ್ಮೋರೆ, ನಿಮ್ಮ ಪೇಪರಲ್ಲಿ ನನ್ನ ಮಗಳು ಎಲ್ಲರಿಗಿಂತ ಜಾಸ್ತಿ ತಗೊಂಡವಳಂತೆ. ಉಳಿದಿದ್ದು ನನ್ನಿಂದ ಹೋಯ್ತು. ನೀವಾದ್ರೂ ಅವಳ ಕೈ ಬಿಡಲಿಲ್ಲ."

ಎಲ್ಲರಿಗೂ ಅಷ್ಟೇ ಬಂದಿದೆ ಎಂದು ಹೇಳಲು ಹೋಗಲಿಲ್ಲ. ಕಾಯಿಲೆಯವರಿಗೆ ಯಾಕೆ ಬೇಸರ?

"ಬಿಸಿಲಲ್ಲಿ ಬಂದಿದ್ದೀರಿ, ಮೊದ್ಲು ನೀರು ಕುಡೀರಿ" ಎಂದು ತಾವೇ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಸ್ಟೀಲಿನ ಲೋಟದಲ್ಲಿ ತಂದುಕೊಟ್ಟರು. ಲೋಟ ತಣ್ಣಗಿತ್ತು. ನೀರು ತಳ ಕಾಣುವಷ್ಟು ತಿಳಿಯಾಗಿತ್ತು.

"ಬೇಡಿ ಶೇಷಮ್ಮ. ಈಗಷ್ಟೇ ಎಳನೀರು ಕುಡಿದು ಬಂದೆ."

"ಒಂದು ಗುಟುಕು ಕುಡೀರಿ ಮೇಡಮ್ಮೋರೆ. ನಮ್ಮನೇಗೆ ಬಂದು ಬರೀ ಬಾಯಲ್ಲಿ ಹೋಗ್ಬಾರದು."

ಹೇಮಶ್ರೀ ಬಾಗಿಲಿಗೆ ಒರಗಿ ನಿಂತಿದ್ದಳು. "ಕಾಯಿಸಿ ಆರಿಸಿದ್ದು ಮ್ಯಾಮ್" ಎಂದಳು. ಬಂದಾಗಿನಿಂದ ಅವಳು ಆಡಿದ ಮೊದಲ ಮಾತು ಅದು.

ಅವಳು ಸುಳ್ಳು ಹೇಳುವವಳಲ್ಲ. ಆದರೂ ಎಷ್ಟು ಹೊತ್ತು ಕುದಿಸಿದ್ದಾರೋ, ಯಾವ ಪಾತ್ರೆಯಲ್ಲಿ ಇಟ್ಟಿದ್ದಾರೋ. ಲೋಟವನ್ನು ತುಟಿಗೆ ತಾಗಿಸಿ ಕೆಳಗಿಟ್ಟೆ. ಶೇಷಮ್ಮನಿಗೆ ಗೊತ್ತಾಗಲಿಲ್ಲ. ಮಗಳು ಬಂದು ಲೋಟ ಎತ್ತಿಕೊಂಡು, ಇಣುಕಿ ನೋಡಿ, ಹೊರಗೆ ಹೋಗಿ ಅಷ್ಟನ್ನೂ ಕರಿಬೇವಿನ ಗಿಡಕ್ಕೆ ಸುರಿದಳು. ಒಳಗೆ ಬಂದು, "ನಿಮ್ಮ ಬಸ್ಸಿಗೆ ಹೊತ್ತಾಯ್ತು ಮ್ಯಾಮ್" ಎಂದಳು.

ಭದ್ರಾವತಿಗೆ ಬಸ್ಸು ಬೇಕಾದಷ್ಟಿವೆ. ಹೊತ್ತು ಹೇಗೆ ಆಗುತ್ತದೆ?

ರಸ್ತೆಗೆ ಬಂದು ಅಂಗಡಿಯಲ್ಲಿ ಒಂದು ನೀರಿನ ಬಾಟಲಿ ಕೊಂಡು, ನಿಂತಲ್ಲೇ ಪೂರ್ತಿ ಕುಡಿದೆ. ಅಷ್ಟು ದಾಹವಾಗಿತ್ತು. ಬಸ್ಸಿಗೆ ಕಾಯುವಾಗ ಎರಡು ಸಲ ಹಿಂತಿರುಗಿ ನೋಡಿದೆ. ಬೀದಿಯ ತುದಿಯಲ್ಲಿ ಯಾರೂ ಇರಲಿಲ್ಲ. ಅಷ್ಟು ಮಾರ್ಕು ಕೊಟ್ಟ ಮೇಡಂ ಮನೆಯವರೆಗೂ ಬಂದಾಗ ಬಸ್‌ಸ್ಟಾಪಿನ ತನಕವಾದರೂ ಬಂದು ಕಳಿಸಬೇಕು. ಈಗಿನ ಮಕ್ಕಳಿಗೆ ಅಷ್ಟು ಮರ್ಯಾದೆಯನ್ನೂ ಯಾರೂ ಕಲಿಸಿಲ್ಲ.